ಸ್ವಲ್ಪ ತಲೆ ಬಗ್ಗಿಸಿ

ಓನರಮ್ಮ ಯಾವುದೋ ತರಬೇತಿಗೆ ಅಂತ ಹೋಗಿ ಬಂದದ್ದೇ ಬಂದದ್ದು, ಪಾರ್ಲರಿನವರ ನೆಮ್ಮದಿಗೆ ಕಲ್ಲು ಬಿತ್ತು. ಇನ್ನು ಮೇಲೆ ಎಲ್ಲರೂ ಎಲ್ಲ ಕೆಲಸ ಮಾಡುವ ಹಾಗಿಲ್ಲವಂತೆ. ಒಬ್ಬೊಬ್ಬರು ಒಂದೊಂದು ಹಿಡಿಯಬೇಕಂತೆ. ಬಣ್ಣದವರು ಬಣ್ಣ, ಕತ್ತರಿಯವರು ಕತ್ತರಿ, ತುರುಬು ಕಟ್ಟುವವರು ತುರುಬು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ ಅಂತ ಗಾದೆ ಬೇರೆ. ಆ ಹಿರಿಯರಲ್ಲಿ ಯಾರೂ ಬೆಳಗಿನಿಂದ ಸಂಜೆವರೆಗೆ ನಿಂತು ಊರವರ ತಲೆ ತೊಳೆದವರಲ್ಲ, ಆ ಮಾತು ಬಿಡಿ.

ಇದರಿಂದ ಪೇಚಿಗೆ ಸಿಕ್ಕಿದವಳು ಕಿಟಕಿ ಪಕ್ಕದ ಕುರ್ಚಿಯವಳು. ಅವಳನ್ನು ಎಲ್ಲರೂ ಅವಧಾನಿ ಅಂತ ರೇಗಿಸುತ್ತಿದ್ದರು. ಒಬ್ಬರ ತಲೆಗೆ ಬಣ್ಣ ಹಚ್ಚಿ, ಅದು ಹಿಡಿಯುವಷ್ಟರಲ್ಲಿ ಇನ್ನೊಬ್ಬರ ಕೂದಲು ಕತ್ತರಿಸಿ, ನಡುವೆ ಮೂರನೆಯವರ ಮಗುವಿಗೆ ಜಡೆ ಹಾಕಿ, ಬಾಗಿಲಲ್ಲಿ ಇಣುಕಿದವರಿಗೆ 'ಬನ್ನಿ, ಐದೇ ನಿಮಿಷ' ಅಂತ ಸುಳ್ಳು ಹೇಳಿ, ಇಷ್ಟನ್ನೂ ಒಂದೇ ಉಸಿರಿಗೆ ಮಾಡುವವಳು. ಅಷ್ಟಾವಧಾನಿ ಅನ್ನದೆ ಇನ್ನೇನು ಅನ್ನಬೇಕು? ಮೂವತ್ತೈದರ ಅಂಚಿಗೆ ಬಂದಿದ್ದಳು. ಎಲ್ಲವೂ ಬರುತ್ತಿತ್ತು, ಆದರೆ ಯಾವುದಕ್ಕೂ 'ಇವಳೇ ಬೇಕು' ಅಂತ ಯಾರೂ ಕೇಳಿಕೊಂಡು ಬರುತ್ತಿರಲಿಲ್ಲ. ಅದು ಅವಳಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಯಾವುದನ್ನು ಹಿಡಿಯಲಿ, ಹಿಡಿಯುವುದಕ್ಕೆ ಯಾವುದು ಸರಿಯಾದ ಕಾಲ ಅಂತ ಅವಳು ಕೇಳದವರಿಲ್ಲ. ಬಣ್ಣದಣ್ಣನ ಪ್ರಕಾರ ಕೈ ಇನ್ನೂ ಎಳೆಯದಾಗಿರುವಾಗಲೇ ಒಂದು ದಾರಿಗೆ ಹಚ್ಚಬೇಕು. ಅವನು ಮೀಸೆ ಮೂಡುವ ಮೊದಲೇ ಬ್ರಷ್ ಹಿಡಿದವನು. ಈಗ ಅವನ ಕೈಗೆ ಕತ್ತರಿ ಕೊಟ್ಟರೆ ಹಾವು ಕೊಟ್ಟ ಹಾಗೆ ನೋಡುತ್ತಾನೆ. ಗಿರಾಕಿಗಳ ಮುಖ ನೆನಪಿರುವುದಿಲ್ಲ, ಬಣ್ಣದ ನಂಬರು ನೆನಪಿರುತ್ತದೆ. ಒಂದು ಸಲ ಅವನ ಹೆಂಡತಿ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಾಗ, ಕೂದಲು ಕಾಣದೆ, 'ಕೂತ್ಕೊಳಿ ಮೇಡಂ' ಅಂದುಬಿಟ್ಟ. ಪಾರ್ಲರಿನವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವನ ಹೆಂಡತಿ ಮಾತ್ರ ನಗಲಿಲ್ಲ.

ಓನರಮ್ಮನದು ಬೇರೆ ಲೆಕ್ಕ. ಎಲ್ಲದರ ರುಚಿ ನೋಡಿದ ಮೇಲೇ ಒಂದನ್ನು ಆರಿಸಬೇಕು, ನೀನು ರುಚಿ ನೋಡಿದ್ದು ಸಾಕು, ಈ ತಿಂಗಳೊಳಗೆ ಹೇಳು ಅಂತ ಅವಳ ಹಟ. ಅವಧಾನಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಜಾರಿಕೊಳ್ಳುತ್ತಿದ್ದಳು.

ಇನ್ನು ಉಳಿದವಳು ದೊಡ್ಡಮ್ಮ. ಯಾರ ದೊಡ್ಡಮ್ಮನೂ ಅಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರು ಅಷ್ಟೇ. ಒಂದು ಕಾಲಕ್ಕೆ ಈ ಪಾರ್ಲರಿನಲ್ಲೇ ಕುರ್ಚಿ ಇದ್ದವಳು. ಈಗ ಎಷ್ಟೋ ವರ್ಷದಿಂದ ಅವಳದ್ದು ಒಂದೇ ಕೆಲಸ, ತೀರಿಹೋದವರ ತಲೆ ಬಾಚುವುದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ತಣ್ಣನೆಯ ಕೋಣೆ ಇತ್ತು. ಮನೆಯವರು ಕೊನೆಯ ಸಲ ಮುಖ ನೋಡುವುದಕ್ಕೆ ಬರುವ ಮೊದಲು ಅವಳು ಹೋಗಿ, ಕೂದಲು ತೊಳೆದು, ಸಿಕ್ಕು ಬಿಡಿಸಿ, ಅವರು ಬದುಕಿದ್ದಾಗ ಹೇಗೆ ಬಾಚಿಕೊಳ್ಳುತ್ತಿದ್ದರೋ ಹಾಗೆ ಬೈತಲೆ ತೆಗೆದು ಕೊಡುತ್ತಿದ್ದಳು. ಒಂಟಿ ಜೀವ. ಮಧ್ಯಾಹ್ನ ಪಾರ್ಲರಿಗೆ ಬಂದು ಮೂಲೆಯಲ್ಲಿ ಕೂತು ಟೀ ಕುಡಿದು ಹೋಗುತ್ತಿದ್ದಳು, ಯಾರ ತಲೆಯನ್ನೂ ಮುಟ್ಟುತ್ತಿರಲಿಲ್ಲ. ಅವಧಾನಿಯ ಮಗಳು ಓಡಿಬಂದು ತೊಡೆ ಏರಿದರೂ ಕೈಯೆರಡನ್ನೂ ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡಿಸುತ್ತಿದ್ದಳು.

ಆ ಮಗಳ ಬಗ್ಗೆ ಒಂದು ಮಾತು. ಹೆಸರು ಏನೇ ಇರಲಿ, ಮನೆಯಲ್ಲೂ ಬೀದಿಯಲ್ಲೂ ಅವಳು ಪಟಾಕಿ. ಆರು ವರ್ಷ. ಕಾಲಿಗೆ ಚಕ್ರ, ಬಾಯಿಗೆ ಬಿಡುವಿಲ್ಲ. ತಲೆ ತುಂಬ ಗುಂಗುರು ಕೂದಲು, ಅದರೊಳಗೆ ಬಾಚಣಿಗೆ ಹೊಕ್ಕರೆ ಹೊರಬರುವುದು ಪುಣ್ಯ. ದಿನಾ ಬೆಳಿಗ್ಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಜಡೆ ಹಾಕುವುದು ಅಂದರೆ ಯುದ್ಧವೇ. ಒದೆಯುವುದು, ಕೊಸರಾಡುವುದು, 'ಕೊಲ್ತಾ ಇದಾಳೆ' ಅಂತ ಪಕ್ಕದ ಮನೆಗೆ ಕೇಳುವ ಹಾಗೆ ಅರಚುವುದು. ಊರಿನ ತಲೆಗಳನ್ನೆಲ್ಲ ಬಗ್ಗಿಸಿದವಳಿಗೆ ಮನೆಯ ಒಂದು ತಲೆ ಬಗ್ಗಿಸಲು ಆಗಲಿಲ್ಲವಲ್ಲ ಅಂತ ಲಿಫ್ಟ್ ರಿಪೇರಿ ಮಾಡುವ ಗಂಡ ನಗುತ್ತಿದ್ದ. ಅವಧಾನಿ ಬೈಯುತ್ತಿದ್ದಳು, ಆದರೆ ದಿನದಲ್ಲಿ ಅವಳಿಗೆ ಎಲ್ಲಕ್ಕಿಂತ ಪ್ರೀತಿಯ ಹೊತ್ತು ಅದೇ ಆಗಿತ್ತು.

ದೊಡ್ಡಮ್ಮ ಸ್ನಾನದ ಮನೆಯಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಳು. ಮರುದಿನ ಬೆಳಿಗ್ಗೆ ಆ ತಣ್ಣನೆಯ ಕೋಣೆಗೆ ಯಾರಾದರೂ ಹೋಗಲೇಬೇಕಿತ್ತು. ಉಳಿದವರೆಲ್ಲ ಮುಖ ತಿರುಗಿಸಿದರು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವಧಾನಿ ಒಪ್ಪಿಕೊಂಡಳು. ದೊಡ್ಡಮ್ಮ ಹೇಳಿದ್ದು ಒಂದೇ ಮಾತು: ಒಳಗೆ ಹೋದಮೇಲೆ ಹೊರಗೆ ಬರುವವರೆಗೆ ಬಾಯಿ ಬಿಡಬಾರದು. ಯಾಕೆ ಅಂತ ಕೇಳಿದರೆ, ಅದು ಆ ಕೆಲಸದ ಪದ್ಧತಿ ಅಂದಳು.

ಆದರೆ ಬಾಯಿ ಕಟ್ಟುವುದು ಕೂದಲು ಕತ್ತರಿಸುವವರ ಕೈಲಿ ಆಗುವ ಮಾತೇ? ಅವರ ಕೈ ಆಡಿದರೆ ಬಾಯಿ ತಾನಾಗಿ ಆಡುತ್ತದೆ. ನೀರು ಬಿಸಿ ಆಯ್ತಾ, ಎಷ್ಟು ತೆಗೀಲಿ, ಮಕ್ಕಳೆಷ್ಟು. ಇದನ್ನೆಲ್ಲ ಅವರು ಕೇಳುವುದಿಲ್ಲ, ಉಸಿರಾಡುತ್ತಾರೆ.

ಕೋಣೆಯಲ್ಲಿ ಅವತ್ತು ಇದ್ದದ್ದು ಒಬ್ಬ ಮುದುಕಿ. ಮೊಣಕಾಲು ಮುಟ್ಟುವಷ್ಟು ಉದ್ದದ ಬಿಳಿ ಕೂದಲು. ಟೈಲ್ಸ್ ಗೋಡೆ, ಮೇಲೆ ಟ್ಯೂಬ್‌ಲೈಟು, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ. ತಲೆಯ ಕೆಳಗೆ ಮರದ ದಿಂಬು. ಅವಧಾನಿ ಮೊದಲು ಬಾಗಿಲ ಬಳಿಯೇ ನಿಂತಳು, ಆಮೇಲೆ ಕೂದಲು ಬೆರಳಿಗೆ ಸಿಕ್ಕಿದ್ದೇ ಎಲ್ಲ ಮರೆತುಹೋಯಿತು. ಎಷ್ಟು ಒಳ್ಳೆಯ ಕೂದಲು! ಡ್ರೈಯರಿನ ಗದ್ದಲವಿಲ್ಲ, ಫೋನಿಲ್ಲ, ಬೇಗ ಮಾಡಿ ಅನ್ನುವವರಿಲ್ಲ. ಜೀವನದಲ್ಲಿ ಮೊದಲ ಸಲ ಅವಳು ಒಂದೇ ತಲೆಯನ್ನು ಮನಸ್ಸಿಟ್ಟು ಬಾಚಿದಳು. ಕತ್ತಿನ ಹಿಂದೆ ಒಂದು ಗಟ್ಟಿ ಸಿಕ್ಕು ಇತ್ತು, ಅಲ್ಲಿಗೆ ಕೈ ಹೋಗುತ್ತಿರಲಿಲ್ಲ.

"ಸ್ವಲ್ಪ ತಲೆ ಬಗ್ಗಿಸಿ ಅಮ್ಮಾ," ಅಂದಳು.

ಮುದುಕಿ ತಲೆ ಬಗ್ಗಿಸಿದಳು. ಅವಧಾನಿ ಸಿಕ್ಕು ಬಿಡಿಸಿ, ಎಣ್ಣೆ ಸವರಿ, ಸಡಿಲವಾಗಿ ಜಡೆ ಹೆಣೆದು, 'ಆಯ್ತು' ಅಂದಮೇಲೆ ತಲೆ ಮತ್ತೆ ದಿಂಬಿಗೆ ಒರಗಿತು. ನಲ್ಲಿಯಡಿಯಲ್ಲಿ ಕೈ ತೊಳೆಯುತ್ತ, ಅರ್ಧ ಸೋಪು ಹಚ್ಚಿದ್ದಾಗ, ಏನು ನಡೆಯಿತು ಅನ್ನುವುದು ಅವಳ ತಲೆಗೆ ಹೋಯಿತು. ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಕೈ ಒರೆಸಿಕೊಳ್ಳದೆ ಹೊರಗೆ ಬಂದಳು.

ಹೊರಗೆ ಮುದುಕಿಯ ಮಗ ಕಾಯುತ್ತಿದ್ದ. ಒಳಗೆ ಹೋಗಿ ನೋಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡು ಅತ್ತ. ಅಮ್ಮ ಇಷ್ಟು ಚೆಂದ ಇದ್ದದ್ದನ್ನು ತಾನು ಎಂದೂ ನೋಡಿರಲಿಲ್ಲ, ಇಂಥ ಕೈ ಎಲ್ಲೂ ಇಲ್ಲ ಅಂದ. ಹನ್ನೆರಡು ವರ್ಷ ನಿಂತೂ ನಿಂತೂ ಕಾಲುನರ ಉಬ್ಬಿಸಿಕೊಂಡವಳಿಗೆ ಯಾರೂ ಈ ಮಾತು ಹೇಳಿರಲಿಲ್ಲ. ಅಷ್ಟು ಭಯದ ನಡುವೆಯೂ ಅವಳಿಗೆ ಖುಷಿಯಾಯಿತು.

ದೊಡ್ಡಮ್ಮನಿಗೆ ಹೇಳದೆ ಇರಲು ಆಗಲಿಲ್ಲ. ಅವಳ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಡೆದದ್ದನ್ನು ತಮಾಷೆಯ ಹಾಗೆ ಹೇಳಲು ನೋಡಿದಳು, ಆಯತಪ್ಪಿ ಬಗ್ಗಿರಬೇಕು, ಮರದ ದಿಂಬು ಜಾರಿರಬೇಕು ಅಂತೆಲ್ಲ. ದೊಡ್ಡಮ್ಮ ಪ್ಲಾಸ್ಟರು ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಕೇಳಿದಳು. ಅವಳ ಮುಖದ ಬಣ್ಣ ಇಳಿದುಹೋಯಿತು.

"ಬಾಯಿ ಬಿಡಬೇಡ ಅಂದಿದ್ದೆ ಕಣೇ. ನಿನ್ನ ಮಾತು ಅವರು ಕೇಳಿದ್ರು ಅಂದ್ರೆ ನಿನ್ನ ಕೈ ಅವರ ಕಡೆಯದು ಆಯ್ತು. ನೀನು ಆರಿಸಿಕೊಳ್ಳೋಕೆ ಮುಂಚೆ ಆ ಕೆಲಸವೇ ನಿನ್ನನ್ನ ಆರಿಸಿಕೊಳ್ತು."

ಅವಧಾನಿ ನಕ್ಕಳು. ಹಾಗಾದರೆ ಏನಾಗುತ್ತದೆ ಅಂತ ಕೇಳಿದಳು.

"ಮೊದಲು ಪರರ ತಲೆ ಸುಮ್ಮನಾಗುತ್ತೆ. ಕೊನೇಲಿ ನಿನ್ನವರದು. ನಾನು ಈ ಕೆಲಸ ಹಿಡಿದಾಗ ನನಗೆ ಇಪ್ಪತ್ತೆರಡು, ನಮ್ಮನೇಲಿ ನಾಲ್ಕು ತಲೆ ಇದ್ವು. ಒಂದೊಂದಾಗಿ ಬಂದು ನನ್ನ ಮುಂದೆ ಸುಮ್ಮನೆ ಕೂತ್ವು. ನಾನೂ ಎಷ್ಟು ಒಳ್ಳೆಯವರಾದ್ರು ಅಂದ್ಕೊಂಡೆ." ಆಮೇಲೆ ಅಂದಳು: "ಈ ಕೆಲಸಕ್ಕೆ ಯಾವಾಗ ಬರಬೇಕು ಅಂತ ಕೇಳ್ತಿದ್ದೆಯಲ್ಲ. ಮನೇಲಿ ಬಾಚೋಕೆ ಒಂದು ತಲೇನೂ ಉಳಿದಿಲ್ಲ ಅಂದಾಗ ಬರಬೇಕು. ಮಗು ತಲೆ ಇನ್ನು ಮುಟ್ಟಬೇಡ."

ಆವತ್ತು ಮನೆಗೆ ಬಂದವಳೇ ಅವಧಾನಿ ಮಾಡಿದ ಮೊದಲ ಕೆಲಸ ಮಗಳನ್ನು ಹಿಡಿದು ಸ್ಟೂಲಿನ ಮೇಲೆ ಕೂರಿಸಿದ್ದು. ಬೇಡ ಅಂದದ್ದನ್ನೇ ಮಾಡಿದಳು, ನೋಡಬೇಕಿತ್ತು. ಪಟಾಕಿ ಎಂದಿನಂತೆ ಅರಚಿ, ಬಾಚಣಿಗೆ ಕಿತ್ತು ಒಲೆಯ ಹಿಂದಕ್ಕೆ ಎಸೆದಳು. ತಾಯಿಗೆ ಹೋದ ಜೀವ ಬಂದ ಹಾಗಾಯಿತು. ದೊಡ್ಡಮ್ಮನಿಗೆ ಒಂಟಿತನದಲ್ಲಿ ಏನೇನೋ ತೋರುತ್ತದೆ ಅಂತ ತಾನೇ ತನಗೆ ಸಮಾಧಾನ ಹೇಳಿಕೊಂಡಳು. ಮಗಳು ಕೊಸರಾಡುವವರೆಗೆ ಏನೂ ಆಗಿಲ್ಲ ಅಂತ ಲೆಕ್ಕ. ಆ ಲೆಕ್ಕದ ಮೇಲೆಯೇ ತಣ್ಣನೆಯ ಕೋಣೆಗೆ ಮತ್ತೆ ಹೋದಳು. ಮತ್ತೆ, ಮತ್ತೆ. ಬಾಯಿಯನ್ನು ಹಲ್ಲು ಕಚ್ಚಿ ಮುಚ್ಚಿಕೊಂಡೇ ಬಾಚುತ್ತಿದ್ದಳು, ಆದರೆ ಈಗ ಹೇಳುವ ಅಗತ್ಯವೂ ಇರಲಿಲ್ಲ. ಬೆರಳು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಲೆ ತಾನಾಗಿ ತಿರುಗಿಕೊಡುತ್ತಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಅದು ಹಿತವಾಗಿತ್ತು. ಇವಳೇ ಬೇಕು ಅಂತ ಜನ ಕೇಳಿಕೊಂಡು ಬರಲು ಶುರುಮಾಡಿದ್ದರು.

ಪಾರ್ಲರಿನಲ್ಲಿ ಮೊದಲು ಗಮನಿಸಿದವಳು ಓನರಮ್ಮ. ಕುರ್ಚಿಯಲ್ಲಿ ಕೂರಿಸಿದರೆ ರಂಪ ಮಾಡುವ ಒಂದು ಮಗು ಇತ್ತು, ನಾಲ್ಕು ವರ್ಷದ್ದು, ಅದರ ಕೂದಲು ಕತ್ತರಿಸಲು ಮೂರು ಜನ ಹಿಡಿಯಬೇಕಿತ್ತು. ಅವಧಾನಿ ಅದರ ತಲೆಯ ಮೇಲೆ ಕೈ ಇಟ್ಟಳು. ಮಗು ಗಪ್‌ಚಿಪ್. ಕತ್ತರಿ ಮುಗಿಯುವವರೆಗೆ ಕನ್ನಡಿಯನ್ನೇ ನೋಡುತ್ತ ಕೂತಿತು. ಎಂಥ ಕೈಗುಣ ಅಂತ ಎಲ್ಲರೂ ಹೊಗಳಿದರು. ಬಾಯಿಂದ ಬಾಯಿಗೆ ಸುದ್ದಿ ಹರಡಿ, ವಾರದೊಳಗೆ ಹಟಮಾರಿ ಮಕ್ಕಳನ್ನು ಎಳೆದುಕೊಂಡು ತಾಯಂದಿರು ಬಂದದ್ದೇ ಬಂದದ್ದು. ಓನರಮ್ಮ ಬಾಗಿಲ ಗಾಜಿಗೆ 'ಮಕ್ಕಳ ತಜ್ಞೆ' ಅಂತ ಬರೆಸಿಯೇಬಿಟ್ಟಳು. ನೋಡು, ನೀನು ಹುಡುಕುತ್ತಿದ್ದದ್ದು ಕಾಲಿಗೇ ತೊಡರಿಕೊಂಡಿತು ಅಂದಳು.

ಅವಧಾನಿ ಮಾತ್ರ ಕನ್ನಡಿಯಲ್ಲಿ ನೋಡುತ್ತಿದ್ದಳು. ಅವಳ ಕೈ ತಲೆಯ ಮೇಲಿರುವಷ್ಟು ಹೊತ್ತು ಮಕ್ಕಳು ಕಣ್ಣು ಮಿಟುಕಿಸುತ್ತಿರಲಿಲ್ಲ. ಕತ್ತರಿಸಿದ ಕೂದಲಿನ ಚೂರು ಕಣ್ಣೊಳಗೆ ಬಿದ್ದರೂ ಉಜ್ಜಿಕೊಳ್ಳುತ್ತಿರಲಿಲ್ಲ. ಕಿವಿ ಮುಟ್ಟಿದರೆ ತಣ್ಣಗೆ. ಕೈ ತೆಗೆದ ಮೇಲೆ ನಿಧಾನಕ್ಕೆ ಬಣ್ಣ ಬರುತ್ತಿತ್ತು, ಕೆಲವಕ್ಕೆ ಬೇಗ, ಕೆಲವಕ್ಕೆ ತಡವಾಗಿ. ಆ ನಾಲ್ಕು ವರ್ಷದ ಮಗುವಿನ ತಾಯಿ ಮತ್ತೆ ಬಂದಾಗ, ಅವತ್ತು ಸಂಜೆವರೆಗೂ ಮೂಲೆಯಲ್ಲಿ ಕೂತಿದ್ದ, ಹಸಿವು ಅಂತಲೂ ಕೇಳಲಿಲ್ಲ ಅಂದಳು. ದೂರು ಅಂದುಕೊಂಡು ಅವಧಾನಿ ಕತ್ತರಿ ಕೆಳಗಿಟ್ಟಳು. ದೂರಲ್ಲ. ಕೂದಲು ಇನ್ನೂ ಬೆಳೆದಿಲ್ಲ, ಆದರೂ ಇನ್ನೊಂದು ಸಲ ಸ್ವಲ್ಪ ಕೈಯಾಡಿಸಿ ಅಂತ ಕೇಳಲು ಬಂದಿದ್ದಳು ಮಹಾತಾಯಿ. ಅವಧಾನಿ ತಲೆನೋವು ಅಂತ ಹೇಳಿ ಕಳಿಸಿದಳು.

ಅವತ್ತಿನಿಂದ ತಣ್ಣನೆಯ ಕೋಣೆಗೆ ಹೋಗುವುದನ್ನು ನಿಲ್ಲಿಸಿದಳು. ಓನರಮ್ಮನಿಗೆ, ಮಕ್ಕಳೂ ಬೇಡ, ಯಾವ ತಜ್ಞೆಯೂ ಬೇಡ, ಮೊದಲಿನ ಹಾಗೆ ಎಲ್ಲವನ್ನೂ ಮಾಡಿಕೊಂಡಿರುತ್ತೇನೆ ಅಂದಳು. ಓನರಮ್ಮ ಸಿಟ್ಟಿಗೆದ್ದು, ಹಾಗಾದರೆ ಬಣ್ಣ ಕಲಸು ನೋಡೋಣ ಅಂದಳು. ಅವಧಾನಿ ಬಟ್ಟಲು ಹಿಡಿದು ನಿಂತಳು. ಯಾವುದು ಮೊದಲು, ಯಾವುದು ಎಷ್ಟು, ನೆನಪಾಗಲಿಲ್ಲ. ತುರುಬಿಗೆ ಪಿನ್ನು ಚುಚ್ಚಲು ಹೋದರೆ ಬೆರಳು ಒಪ್ಪಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಬಣ್ಣದಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

ಅದರ ಮರುದಿನ ಬೆಳಿಗ್ಗೆ. ಕುಕ್ಕರು ಕೂಗಿ ಆಗಿತ್ತು, ಗಂಡ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಪಟಾಕಿ ಕರೆಯದೆ ಬಂದು ಸ್ಟೂಲಿನ ಮೇಲೆ ಕೂತಳು. ಏನೋ ಕಿತಾಪತಿ ಮಾಡಿರಬೇಕು ಅಂದುಕೊಂಡು ಅವಧಾನಿ ಬಾಚಣಿಗೆ ಎತ್ತಿಕೊಂಡಳು. ಗುಂಗುರು ಕೂದಲಿನಲ್ಲಿ ಬಾಚಣಿಗೆ ನೀರಿನಲ್ಲಿ ಹೋದ ಹಾಗೆ ಹೋಯಿತು. ಅವಳ ಬೆರಳು ಕತ್ತಿನ ಕಡೆಗೆ ಇಳಿಯಿತು. ಅವಳು ಏನೂ ಹೇಳಲಿಲ್ಲ. ಮಗಳು ತಲೆ ಬಗ್ಗಿಸಿದಳು.

ಬಾಚಣಿಗೆ ಕೆಳಗೆ ಬಿತ್ತು. ಅವಧಾನಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಗೋಡೆಗೆ ಒರಗಿಕೊಂಡಳು. ಮಗಳು ಹಾಗೆಯೇ ಕೂತಿದ್ದಳು, ಗದ್ದ ಎದೆಗೆ ತಾಗಿಸಿಕೊಂಡು. ಕಾಲುಗಳು ಸ್ಟೂಲಿನಿಂದ ನೇತಾಡುತ್ತಿದ್ದವು, ಅಲ್ಲಾಡುತ್ತಿರಲಿಲ್ಲ. ಕರೆದಳು. ಕೂಗಿದಳು. ಗಂಡ ಓಡಿಬಂದು ಮಗುವನ್ನು ಎತ್ತಿಕೊಂಡು ಕೆನ್ನೆ ತಟ್ಟಿದ, ಇಷ್ಟು ತಣ್ಣಗಿದೆಯಲ್ಲ ಅಂದ. ಅವಳು ಮಾತ್ರ ಹತ್ತಿರ ಹೋಗಲಿಲ್ಲ. ಹೆತ್ತ ತಾಯಿ ಗೋಡೆಗೆ ಅಂಟಿಕೊಂಡು ನಿಂತಳು, ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು.

ಎಷ್ಟೋ ಹೊತ್ತಿನ ಮೇಲೆ ಪಟಾಕಿ ಕಣ್ಣು ಮಿಟುಕಿಸಿದಳು. ಅಳಲಿಲ್ಲ. ಅಪ್ಪನ ಹೆಗಲ ಮೇಲಿಂದ ಅಮ್ಮನನ್ನೇ ನೋಡಿದಳು.

"ಯಾಕಮ್ಮ ನಿಲ್ಲಿಸಿದೆ? ಅಲ್ಲಿ ಚೆನ್ನಾಗಿತ್ತು."

"ಎಲ್ಲಿ?"

"ಅಲ್ಲಿ. ಎಲ್ರೂ ಸುಮ್ಮನೆ ಕೂತಿದ್ರು. ಒಬ್ಬಳು ಅಜ್ಜಿ ಇದ್ಲು, ಉದ್ದ ಜಡೆ. ನಿಮ್ಮಮ್ಮನೇ ಹಾಕಿದ್ದು ಅಂದ್ಲು."

ಅವಧಾನಿ ಗಂಡನಿಗೆ ಆದಿಯಿಂದ ಎಲ್ಲ ಹೇಳಿದಳು. ಅವನು ಯಂತ್ರ ನಂಬುವ ಮನುಷ್ಯ, ದೆವ್ವ ಭೂತ ಅಂದರೆ ನಗುವವನು. ಅವತ್ತು ನಗಲಿಲ್ಲ. ಎದ್ದುಹೋಗಿ ಅಡುಗೆಮನೆಯ ಕತ್ತರಿ ತಂದ. ಬಾಚುವುದಕ್ಕೆ ಕೂದಲೇ ಇರಬಾರದು, ಅಷ್ಟೇ ತಾನೇ ಅಂದ. ಅವಳು ಹೌದು ಅಂದಳು. ಅವಳು ಹೊಸ್ತಿಲ ಆಚೆ ನಿಂತಳು, ಅವನು ಮಗಳನ್ನು ಕಾಲುಗಳ ನಡುವೆ ಒತ್ತಿಹಿಡಿದು ಕತ್ತರಿಸತೊಡಗಿದ. ಬೋಲ್ಟು ತಿರುಗಿಸುವ ಕೈಗೆ ಕತ್ತರಿ ಏನು ಗೊತ್ತು? ಇಲ್ಲಿ ಬೋಳು, ಅಲ್ಲಿ ಕುಚ್ಚು, ಇಲಿ ಕಚ್ಚಿದ ಹಾಗೆ. ಪಟಾಕಿ ಒದ್ದಳು, ಪರಚಿದಳು, ಕೊಲ್ತಾ ಇದಾರೆ ಅಂತ ಪಕ್ಕದ ಮನೆಗೆ ಕೇಳುವ ಹಾಗೆ ಅರಚಿದಳು. ಹೊಸ್ತಿಲಲ್ಲಿ ತಾಯಿಯ ಕಣ್ಣಿಂದ ನೀರು ಸುರಿಯುತ್ತಿತ್ತು. ಇನ್ನೂ ಅರಚಲಿ, ಇನ್ನೂ ಅರಚಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ಊರಿಗೆಲ್ಲ ಹೆಸರಾದ ಕೈಯವಳ ಮಗಳು ಆ ತಲೆಯಲ್ಲಿ ಶಾಲೆಗೆ ಹೋದಳು, ಬೀದಿಯವರು ನಕ್ಕರು. ನಗಲಿ ಬಿಡಿ.

ಅವಧಾನಿ ಪಾರ್ಲರಿನ ಕೆಲಸ ಬಿಟ್ಟಳು. ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಊಟ ತಟ್ಟೆಗೆ ಬಡಿಸಿ ದೂರ ಸರಿಯುತ್ತಿದ್ದಳು. ಸ್ನಾನ, ಬಟ್ಟೆ ತೊಡಿಸುವುದು, ಮಲಗಿಸುವುದು, ಎಲ್ಲ ಗಂಡನದು. ಮಗುವಿನ ತಲೆಕೂದಲು ಕೊಂಕಬಾರದು ಅಂತ ತಾಯಂದಿರು ಹರಕೆ ಹೊರುತ್ತಾರೆ. ಇವಳು ಅದನ್ನು ಕೈ ಕಟ್ಟಿಕೊಂಡು ತೀರಿಸುತ್ತಿದ್ದಳು. ಮಗಳು ಮಾತ್ರ ಮೊದಲಿನಷ್ಟು ಓಡುತ್ತಿರಲಿಲ್ಲ. ಆಟದ ನಡುವೆ ನಿಂತು ಅಮ್ಮನ ಕೈಯನ್ನೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಗಂಡ ಕೆಲಸಕ್ಕೆ ಹೋಗಿದ್ದ. ಅವಧಾನಿ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಬೇಳೆ ಆರಿಸುತ್ತಿದ್ದಳು. ಪಟಾಕಿ ಸದ್ದಿಲ್ಲದೆ ಬಂದು ಅವಳ ಮುಂದೆ ಬೆನ್ನು ಮಾಡಿ ಕೂತಳು. ಅವಧಾನಿ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು, ಮೊರ ಮಗುಚಿತು.

"ಬಾಚೋಕೆ ಕೂದಲೇ ಇಲ್ಲವಲ್ಲ ಚಿನ್ನ. ಹೋಗು, ಆಡ್ಕೋ ಹೋಗು."

"ಬಾಚಬೇಡ," ಅಂದಳು ಮಗಳು. "ಕೈ ಇಡು ಸಾಕು."

ಅವಧಾನಿ ಬೇಡ ಅಂದಳು, ಬೈದಳು, ಆಮೇಲೆ ಅತ್ತಳು. ಕೈಗಳನ್ನು ಬೆನ್ನಿಗೂ ಗೋಡೆಗೂ ನಡುವೆ ಒತ್ತಿಕೊಂಡು ಕೂತಳು. ಮಗಳು ಹಟ ಮಾಡಲಿಲ್ಲ, ಅರಚಲಿಲ್ಲ. ಅಪ್ಪ ಬರುವವರೆಗೂ ಹಾಗೆಯೇ ತಲೆ ಬಗ್ಗಿಸಿಕೊಂಡು ಕಾಯುತ್ತಿದ್ದಳು.